ಎಸ್‌ಎಫ್‌ಟಿಪಿ ಸರ್ವರ್‌ನಲ್ಲಿ ಈಗ ಯಾರಿದ್ದಾರೆ, ಯಾರ ಫೈಲ್ ಎಲ್ಲಿಗೆ ಬಂತು: ಸೆಷನ್ ನಿಗಾ ಕಟ್ಟಿದ ಬಗೆ

ಎಸ್‌ಎಫ್‌ಟಿಪಿ (ಎಸ್‌ಎಸ್‌ಎಚ್‌ನ ಸುರಕ್ಷಿತ ಸಂಪರ್ಕದ ಮೇಲೆ ಫೈಲ್ ಸಾಗಿಸುವ ಪದ್ಧತಿ) ಬಳಸುವ ಫೈಲ್ ಸರ್ವರ್‌ಗೆ ಈಗ ಎಷ್ಟು ಜನ ಲಾಗಿನ್ ಆಗಿದ್ದಾರೆ ಎಂಬ ಒಂದು ಸಂಖ್ಯೆಯಿಂದ ಕೆಲಸ ಸಾಗುವುದಿಲ್ಲ. ರೀಬೂಟ್ ಮಾಡಬೇಕಾದಾಗಲೋ, ಡಿಸ್ಕ್ ತುಂಬುತ್ತಾ ಬಂದಾಗಲೋ, ಅಪ್‌ಲೋಡ್ ಅರ್ಧಕ್ಕೇ ನಿಂತಿದೆ ಎಂದು ದೂರು ಬಂದಾಗಲೋ ತಿಳಿಯಬೇಕಾದದ್ದು ಬೇರೆ. ಯಾವ ಖಾತೆ, ಯಾವ ಐಪಿ, ಯಾವ ಫೈಲ್, ಅಪ್‌ಲೋಡೋ ಡೌನ್‌ಲೋಡೋ, ಕಳೆದ ಹತ್ತು ಸೆಕೆಂಡಿನಲ್ಲಿ ಎಷ್ಟು ಬೈಟ್ ಮುಂದೆ ಸರಿಯಿತು. ಈ ಐದೂ ಒಂದೇ ಸಾಲಿನಲ್ಲಿ ಕಾಣುವಂತೆ ಮಾಡುವುದು ಈ ಕೆಲಸದ ಗುರಿ. ಐದರಲ್ಲಿ ಕೊನೆಯದೇ ಮುಖ್ಯ. ಸೆಷನ್ ತೆರೆದಿದೆಯೇ ಎನ್ನುವುದಕ್ಕಿಂತ ಅದು ಚಲಿಸುತ್ತಿದೆಯೇ ಎನ್ನುವುದನ್ನು ನೋಡಬೇಕು.

ಬೇಕಾದ ಸಾಮಾನು ಕಡಿಮೆ: ಸಿಸ್ಟಂಡಿ (ಸೇವೆಗಳನ್ನು ನಡೆಸುವ ವ್ಯವಸ್ಥೆ) ಇರುವ ಲಿನಕ್ಸ್, ಓಪನ್‌ಎಸ್‌ಎಸ್‌ಎಚ್ (ಎಸ್‌ಎಫ್‌ಟಿಪಿ ಒದಗಿಸುವ ತಂತ್ರಾಂಶ), ಆರ್‌ಸಿಸ್‌ಲಾಗ್ (ಲಾಗ್ ಬರೆದಿಡುವ ಪ್ರೋಗ್ರಾಂ), ಪೈಥಾನ್ 3, ರೂಟ್ ಅನುಮತಿ. ಬೇರೆ ಪ್ಯಾಕೇಜ್ ಏನೂ ಹಾಕಬೇಕಿಲ್ಲ. ಬಳಕೆದಾರರೆಲ್ಲ ಒಂದು ಗ್ರೂಪ್‌ನಲ್ಲಿದ್ದು, /ಎಸ್‌ಆರ್‌ವಿ/ಎಸ್‌ಎಫ್‌ಟಿಪಿ ಎಂಬ ಒಂದೇ ಕ್ರೂಟ್ ಫೋಲ್ಡರ್‌ನೊಳಗೆ (ಅದರಾಚೆಗೆ ಬಳಕೆದಾರರಿಗೆ ಏನೂ ಕಾಣದು) ತಮ್ಮ ತಮ್ಮ ಫೋಲ್ಡರ್ ಹೊಂದಿದ್ದಾರೆ ಎಂದು ಇಟ್ಟುಕೊಳ್ಳೋಣ. ಆದೇಶಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದೆ.

ಸೆಷನ್ ಅಂದರೆ ಯಾವುದನ್ನು ಎಣಿಸಬೇಕು

ಮೊದಲು ಕೈ ಹೋಗುವುದು ಯಾರು ಲಾಗಿನ್ ಆಗಿದ್ದಾರೆಂದು ತೋರಿಸುವ ಹೂ ಮತ್ತು ಡಬ್ಲ್ಯೂ ಆದೇಶಗಳ ಕಡೆಗೆ. ಎರಡೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಎಸ್‌ಎಸ್‌ಎಚ್‌ಡಿ (ಓಪನ್‌ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಂ) ಯುಟಿಎಂಪಿ ಎಂಬ ಲಾಗಿನ್ ಪಟ್ಟಿಯಲ್ಲಿ ದಾಖಲೆ ಬರೆಯುವುದು ಟರ್ಮಿನಲ್ ಕೊಟ್ಟ ಲಾಗಿನ್‌ಗೆ ಮಾತ್ರ. ಎಸ್‌ಎಫ್‌ಟಿಪಿಗೆ ಟರ್ಮಿನಲ್ ಇರುವುದಿಲ್ಲ. ಹಾಗಾಗಿ ಇಪ್ಪತ್ತು ಜನ ಫೈಲ್ ಎಳೆಯುತ್ತಿದ್ದರೂ ಹೂ ಖಾಲಿ ತೋರಿಸುತ್ತದೆ, ಲಾಸ್ಟ್ ಆದೇಶದಲ್ಲೂ ಅವರ ಸುಳಿವಿಲ್ಲ.

ಎರಡನೆಯ ಯೋಚನೆ 22ನೇ ಪೋರ್ಟ್‌ನ ಟಿಸಿಪಿ ಸಂಪರ್ಕಗಳನ್ನು ಎಣಿಸುವುದು. ಇದು ಎರಡೂ ಕಡೆಗೆ ತಪ್ಪುತ್ತದೆ. ಫೈಲ್‌ಜಿಲ್ಲಾದಂಥ ಕ್ಲೈಂಟ್ ಫೋಲ್ಡರ್ ನೋಡಲು ಒಂದು ಸಂಪರ್ಕ, ವರ್ಗಾವಣೆಗೆ ಬೇರೆ ಸಂಪರ್ಕಗಳು ಎಂದು ತೆರೆಯುತ್ತದೆ. ಏಕಕಾಲದ ವರ್ಗಾವಣೆ ಡೀಫಾಲ್ಟ್ ಆಗಿ ಎರಡು, ಹತ್ತರವರೆಗೆ ಏರಿಸಬಹುದು. ಒಬ್ಬರೇ ಕೂತಿದ್ದರೂ ಮೂರು ಸಂಪರ್ಕ ಕಾಣುತ್ತದೆ. ಇನ್ನೊಂದು ಕಡೆ, ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್‌ನಲ್ಲಿ ಕಂಟ್ರೋಲ್‌ಮಾಸ್ಟರ್ ಹಾಕಿದ್ದರೆ ಒಂದೇ ಟಿಸಿಪಿ ಸಂಪರ್ಕದೊಳಗೆ ಹಲವು ಎಸ್‌ಎಫ್‌ಟಿಪಿ ಸೆಷನ್ ಓಡುತ್ತವೆ. ಸರ್ವರ್‌ನ ಮ್ಯಾಕ್ಸ್‌ಸೆಷನ್ಸ್ ಮಿತಿ ಬದಲಿಸದಿದ್ದರೆ ಹತ್ತರವರೆಗೆ. ಜೊತೆಗೆ ಪಾಸ್‌ವರ್ಡ್ ಊಹಿಸುತ್ತಾ ಬಾಗಿಲು ತಟ್ಟುವ ಬಾಟ್‌ಗಳೂ ಅದೇ ಪೋರ್ಟ್‌ನಲ್ಲಿ ಎಸ್ಟಾಬ್ಲಿಶ್ಡ್ ಎಂದೇ ಕಾಣುತ್ತವೆ.

ಪ್ರಾಸೆಸ್ ಪಟ್ಟಿ ಸರಿಯಾದ ಜಾಗ. ಆದರೆ ಅಲ್ಲೂ ಒಂದು ಸೆಷನ್‌ಗೆ ಮೂರು ಸಾಲು ಬರುತ್ತದೆ:

ಎಸ್‌ಎಸ್‌ಎಚ್‌ಡಿ: ವರದಿ02 [ಪ್ರಿವ್]
ಎಸ್‌ಎಸ್‌ಎಚ್‌ಡಿ: ವರದಿ02@ನೋಟಿಟಿವೈ
ಎಸ್‌ಎಸ್‌ಎಚ್‌ಡಿ: ವರದಿ02@ಇಂಟರ್ನಲ್-ಎಸ್‌ಎಫ್‌ಟಿಪಿ

ಮೊದಲನೆಯದು ರೂಟ್ ಹೆಸರಿನಲ್ಲಿ ಓಡುವ ಕಾವಲು ಪ್ರಾಸೆಸ್. ಎರಡನೆಯದು ನೆಟ್‌ವರ್ಕ್ ಸಾಕೆಟ್ ಹಿಡಿದಿರುವುದು. ಮೂರನೆಯದು ಫೈಲ್ ತೆರೆದು ಓದಿ ಬರೆಯುವುದು. ಒಂದು ಎಸ್‌ಎಫ್‌ಟಿಪಿ ಸೆಷನ್‌ಗೆ ಮೂರನೆಯ ಬಗೆಯ ಸಾಲು ಒಂದೇ ಒಂದು ಇರುತ್ತದೆ, ಮಲ್ಟಿಪ್ಲೆಕ್ಸ್ ಮಾಡಿದರೂ, ಅಂದರೆ ಒಂದೇ ಸಂಪರ್ಕದೊಳಗೆ ಹಲವು ಸೆಷನ್ ಓಡಿಸಿದರೂ, ಅಷ್ಟೇ. ಅದನ್ನೇ ಎಣಿಸಬೇಕು. ಅದರ ಪೇರೆಂಟ್ ಪಿಐಡಿ (ಅದನ್ನು ಹುಟ್ಟಿಸಿದ ಪ್ರಾಸೆಸ್‌ನ ಸಂಖ್ಯೆ) ಹಿಡಿದು ಮೇಲೆ ಹೋದರೆ ನೋಟಿಟಿವೈ ಪ್ರಾಸೆಸ್ ಸಿಗುತ್ತದೆ, ಅದರ ಸಾಕೆಟ್‌ನಿಂದ ಐಪಿ ಸಿಗುತ್ತದೆ. ಇಡೀ ನಿಗಾ ವ್ಯವಸ್ಥೆ ನಿಂತಿರುವುದು ಈ ಕೊಂಡಿಯ ಮೇಲೆ.

ಹಳೆಯ ಸ್ಕ್ರಿಪ್ಟ್‌ಗಳು ಇದ್ದಕ್ಕಿದ್ದಂತೆ ಸೊನ್ನೆ ತೋರಿಸುವುದಕ್ಕೆ ಕಾರಣವೂ ಇಲ್ಲೇ ಇದೆ. 2024ರ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ರಿಂದ ಸೆಷನ್ ನಡೆಸುವ ಭಾಗ ಎಸ್‌ಎಸ್‌ಎಚ್‌ಡಿ-ಸೆಷನ್ ಎಂಬ ಬೇರೆ ಪ್ರೋಗ್ರಾಂ ಆಯಿತು. ಸಾಲಿನ ಆರಂಭದ ಹೆಸರು ಬದಲಾಯಿತು. ಆದ್ದರಿಂದ ಸಾಲಿನ ಕೊನೆಯನ್ನು, ಅಂದರೆ @ಇಂಟರ್ನಲ್-ಎಸ್‌ಎಫ್‌ಟಿಪಿ ಎಂಬುದನ್ನು ಹೊಂದಿಸಿ ನೋಡಬೇಕೇ ಹೊರತು ಆರಂಭವನ್ನಲ್ಲ. ಖಾತೆಯ ಹೆಸರನ್ನು ಬೇರ್ಪಡಿಸುವಾಗ ಬಲಗಡೆಯಿಂದ ಮೊದಲು ಸಿಗುವ @ ಚಿಹ್ನೆಯಲ್ಲಿ ಒಡೆಯಿರಿ. ಡೊಮೇನ್‌ಗೆ ಸೇರಿಸಿದ ಸರ್ವರ್‌ಗಳಲ್ಲಿ ಖಾತೆಯ ಹೆಸರಿನೊಳಗೇ @ ಇರುತ್ತದೆ. ಪಿಎಸ್ ಆದೇಶದಿಂದ ಹೆಸರು ತೆಗೆಯುವುದಾದರೆ ಕಾಲಂ ಅಗಲವನ್ನು 32 ಎಂದು ಕೊಡಿ. ಇಲ್ಲದಿದ್ದರೆ ಎಂಟಕ್ಷರ ಮೀರಿದ ಹೆಸರು ಮೊಟಕಾಗುತ್ತದೆ ಅಥವಾ ಅದರ ಬದಲು ಯುಐಡಿ ಸಂಖ್ಯೆ ಬರುತ್ತದೆ.

2022ರ ಏಪ್ರಿಲ್‌ನ 9.0 ಆವೃತ್ತಿಯಿಂದ ಎಸ್‌ಸಿಪಿ ಕ್ಲೈಂಟ್ ಕೂಡ ಒಳಗೆ ಎಸ್‌ಎಫ್‌ಟಿಪಿಯನ್ನೇ ಬಳಸುತ್ತದೆ. ಹೊಸ ಕ್ಲೈಂಟ್‌ನಿಂದ ಎಸ್‌ಸಿಪಿ ಮಾಡಿದವರೂ ಇದೇ ಪಟ್ಟಿಯಲ್ಲಿ ಬರುತ್ತಾರೆ, ಪ್ರತ್ಯೇಕವಾಗಿ ಹುಡುಕಬೇಕಿಲ್ಲ.

ಲಾಗ್ ಬರುವಂತೆ ಮಾಡುವುದು

ಪ್ರಾಸೆಸ್ ಪಟ್ಟಿ ಈ ಕ್ಷಣವನ್ನು ತೋರಿಸುತ್ತದೆ. ಐದು ನಿಮಿಷದ ಹಿಂದೆ ಏನಾಯಿತು ಎನ್ನುವುದಕ್ಕೆ ಲಾಗ್ ಬೇಕು. ಎಸ್‌ಎಫ್‌ಟಿಪಿ ಭಾಗದ ಲಾಗ್ ಮಟ್ಟ ಡೀಫಾಲ್ಟ್ ಆಗಿ ಎರರ್. ಅಂದರೆ ಫೈಲ್ ತೆರೆದದ್ದು, ಮುಚ್ಚಿದ್ದು ಯಾವುದೂ ದಾಖಲಾಗುವುದಿಲ್ಲ. ಇನ್ಫೋ ಮಟ್ಟ ಸಾಕು. ಅದಕ್ಕಿಂತ ಮೇಲೆ ಹೋದರೆ ಫೈಲ್‌ನ ವಿವರ ಕೇಳಿದ್ದಕ್ಕೆಲ್ಲ ಸಾಲು ಬಂದು ಬೇಕಾದದ್ದು ಮುಳುಗಿಹೋಗುತ್ತದೆ.

ಎಸ್‌ಎಸ್‌ಎಚ್‌ಡಿ ಸಂರಚನಾ ಫೈಲ್‌ನ ಕೊನೆಯಲ್ಲಿ ಆ ಗ್ರೂಪ್‌ಗೆ ಒಂದು ಮ್ಯಾಚ್ ಬ್ಲಾಕ್ ಇರಲಿ:

ಕ್ರೂಟ್‌ಡೈರೆಕ್ಟರಿ /ಎಸ್‌ಆರ್‌ವಿ/ಎಸ್‌ಎಫ್‌ಟಿಪಿ
ಫೋರ್ಸ್‌ಕಮಾಂಡ್ ಇಂಟರ್ನಲ್-ಎಸ್‌ಎಫ್‌ಟಿಪಿ -ಎಲ್ ಇನ್ಫೋ -ಡಿ /%ಯು
ಕ್ಲೈಂಟ್‌ಅಲೈವ್‌ಇಂಟರ್ವಲ್ 60
ಕ್ಲೈಂಟ್‌ಅಲೈವ್‌ಕೌಂಟ್‌ಮ್ಯಾಕ್ಸ್ 3

ಇಲ್ಲಿ ಬಹಳ ಸಲ ಎಡವುವ ಜಾಗ ಒಂದಿದೆ. ಲಾಗ್ ಮಟ್ಟವನ್ನು ಸಬ್‌ಸಿಸ್ಟಮ್ ಸಾಲಿನಲ್ಲಿ ಬರೆದು, ಕೆಳಗೆ ಫೋರ್ಸ್‌ಕಮಾಂಡ್ ಅನ್ನು ಬರಿದಾಗಿ ಬಿಟ್ಟರೆ ಏನೂ ಲಾಗ್ ಆಗುವುದಿಲ್ಲ. ಫೋರ್ಸ್‌ಕಮಾಂಡ್ ಇದ್ದಾಗ ಸಬ್‌ಸಿಸ್ಟಮ್ ಸಾಲಿನ ಆಯ್ಕೆಗಳನ್ನು ಯಾರೂ ಕೇಳುವುದಿಲ್ಲ. ಆಯ್ಕೆ ಫೋರ್ಸ್‌ಕಮಾಂಡ್ ಸಾಲಿನಲ್ಲೇ ಇರಬೇಕು. ಡಿ ಆಯ್ಕೆಯಿಂದ ಬಳಕೆದಾರ ನೇರವಾಗಿ ತನ್ನ ಹೆಸರಿನ ಫೋಲ್ಡರ್‌ನಲ್ಲಿ ಇಳಿಯುತ್ತಾನೆ.

ಕ್ರೂಟ್ ಫೋಲ್ಡರ್‌ನ ಮಾಲೀಕ ರೂಟ್ ಆಗಿರಬೇಕು, ಗ್ರೂಪ್‌ಗಾಗಲಿ ಇತರರಿಗಾಗಲಿ ಬರೆಯುವ ಅನುಮತಿ ಇರಬಾರದು. ಇದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಸಂಪರ್ಕ ತಕ್ಷಣ ಕಡಿಯುತ್ತದೆ, ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್ ಎಂಬ ಸಾಲು ಲಾಗ್‌ನಲ್ಲಿ ಬೀಳುತ್ತದೆ. ಮೋಡ್ 0711 ಇಟ್ಟರೆ ಒಬ್ಬರಿಗೆ ಇನ್ನೊಬ್ಬರ ಫೋಲ್ಡರ್ ಹೆಸರು ಕೂಡ ಕಾಣುವುದಿಲ್ಲ. ಒಳಗಿನ ಫೋಲ್ಡರ್‌ಗಳು ಆಯಾ ಬಳಕೆದಾರನ ಹೆಸರಿನಲ್ಲಿ 0700.

ಇನ್ನು ಲಾಗ್ ಹೊರಗೆ ಬರುವ ದಾರಿ. ಕ್ರೂಟ್ ಒಳಗೆ ಸೇರಿದ ಪ್ರಾಸೆಸ್‌ಗೆ ಲಾಗ್ ಸ್ವೀಕರಿಸುವ /ಡೆವ್/ಲಾಗ್ ಸಾಕೆಟ್ ಕಾಣುವುದಿಲ್ಲ, ಬರೆದ ಸಾಲು ಸದ್ದಿಲ್ಲದೆ ಮಾಯವಾಗುತ್ತದೆ. ಆರ್‌ಸಿಸ್‌ಲಾಗ್‌ನ ಐಎಂಯುಎಕ್ಸ್‌ಸಾಕ್ ಮಾಡ್ಯೂಲ್‌ಗೆ ಇನ್ನೊಂದು ಇನ್‌ಪುಟ್ ಕೊಟ್ಟು, ಸಾಕೆಟ್ ಜಾಗವನ್ನು /ಎಸ್‌ಆರ್‌ವಿ/ಎಸ್‌ಎಫ್‌ಟಿಪಿ/ಡೆವ್/ಲಾಗ್ ಎಂದು ಬರೆಯಿರಿ. ಕ್ರಿಯೇಟ್‌ಪಾತ್ ಆನ್ ಎಂದು ಕೊಟ್ಟರೆ ಡೆವ್ ಫೋಲ್ಡರ್ ತಾನಾಗಿ ಆಗುತ್ತದೆ. ಪ್ರೋಗ್ರಾಂ ಹೆಸರು ಇಂಟರ್ನಲ್-ಎಸ್‌ಎಫ್‌ಟಿಪಿ ಆಗಿದ್ದರೆ ಪ್ರತ್ಯೇಕ ಫೈಲ್‌ಗೆ ಬರೆದು ಅಲ್ಲಿಗೆ ನಿಲ್ಲಿಸು ಎಂಬ ನಿಯಮವನ್ನು 30ರಿಂದ ಶುರುವಾಗುವ ಹೆಸರಿನ ಫೈಲ್‌ನಲ್ಲಿ ಹಾಕಿ. 50ರ ಡೀಫಾಲ್ಟ್ ನಿಯಮಗಳಿಗಿಂತ ಮುಂಚೆ ಅದು ಓದಲ್ಪಡಬೇಕು. ಪ್ರತಿ ಬಳಕೆದಾರನಿಗೂ ಬೇರೆ ಬೇರೆ ಕ್ರೂಟ್ ಇದ್ದರೆ ಪ್ರತಿಯೊಂದಕ್ಕೂ ಒಂದೊಂದು ಸಾಕೆಟ್ ಬೇಕಾಗುತ್ತದೆ. ಒಂದೇ ಕ್ರೂಟ್ ಆರಿಸಿಕೊಂಡಿದ್ದು ಇದೇ ಕಾರಣಕ್ಕೆ.

ಹೀಗೆ ಬಂದ ಸಾಲುಗಳು ಆರ್‌ಸಿಸ್‌ಲಾಗ್‌ಗೆ ನೇರವಾಗಿ ಹೋಗುತ್ತವೆ, ಸಿಸ್ಟಂಡಿಯ ಸ್ವಂತ ಲಾಗ್ ಆದ ಜರ್ನಲ್‌ಗೆ ಹೋಗುವುದಿಲ್ಲ. ಜರ್ನಲ್‌ಸಿಟಿಎಲ್‌ನಲ್ಲಿ ಹುಡುಕಿ ಏನೂ ಸಿಗಲಿಲ್ಲವೆಂದು ಸಂರಚನೆಯನ್ನು ಮತ್ತೆ ಮತ್ತೆ ತಿದ್ದುವ ಅಗತ್ಯವಿಲ್ಲ. ಸಾಕೆಟ್ ಫೈಲ್ ಹುಟ್ಟದೇ ಇದ್ದರೆ ಕರ್ನಲ್ ಲಾಗ್‌ನಲ್ಲಿ ಆಪ್‌ಆರ್ಮರ್ ಅಥವಾ ಎಸ್‌ಇಲಿನಕ್ಸ್ ಎಂಬ ಭದ್ರತಾ ಕಾವಲಿನ ಡಿನೈಡ್ ಸಾಲು ಇದೆಯೇ ನೋಡಿ, ಆ ಜಾಗಕ್ಕೆ ಮಾತ್ರ ಅನುಮತಿ ಸೇರಿಸಿ. ಆಪ್‌ಆರ್ಮರನ್ನೇ ಆಫ್ ಮಾಡುವುದು ಪರಿಹಾರವಲ್ಲ.

ರೀಲೋಡ್‌ಗೆ ಮುನ್ನ ಎಸ್‌ಎಸ್‌ಎಚ್‌ಡಿಯನ್ನು -ಟಿ ಆಯ್ಕೆಯೊಂದಿಗೆ ಓಡಿಸಿ ತಪ್ಪು ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಇನ್ನೊಂದು ಟರ್ಮಿನಲ್‌ನಲ್ಲಿ ಲಾಗಿನ್ ತೆರೆದೇ ಇರಲಿ. ರೀಲೋಡ್‌ನಿಂದ ಈಗಾಗಲೇ ನಡೆಯುತ್ತಿರುವ ಸೆಷನ್‌ಗಳು ಕಡಿಯುವುದಿಲ್ಲ, ಹೊಸ ಸಂರಚನೆಯೂ ಅವಕ್ಕೆ ತಾಗುವುದಿಲ್ಲ. ಹಾಗಾಗಿ ಮೊದಲ ದಿನ ಕೆಲವು ಸೆಷನ್‌ಗಳ ಲಾಗ್ ಇರುವುದಿಲ್ಲ.

ಲಾಗ್ ಬಂದ ಮೇಲೆ ಒಂದು ಸೆಷನ್ ಹೀಗೆ ಕಾಣುತ್ತದೆ:

ಇಂಟರ್ನಲ್-ಎಸ್‌ಎಫ್‌ಟಿಪಿ[48213]: ಸೆಷನ್ ಓಪನ್ಡ್ ಫಾರ್ ಲೋಕಲ್ ಯೂಸರ್ ವರದಿ02 ಫ್ರಮ್ [203.0.113.24]
ಇಂಟರ್ನಲ್-ಎಸ್‌ಎಫ್‌ಟಿಪಿ[48213]: ಓಪನ್ "/ವರದಿ02/ಜೂನ್.ಜಿಪ್" ಫ್ಲ್ಯಾಗ್ಸ್ ರೈಟ್,ಕ್ರಿಯೇಟ್,ಟ್ರಂಕೇಟ್ ಮೋಡ್ 0664
ಇಂಟರ್ನಲ್-ಎಸ್‌ಎಫ್‌ಟಿಪಿ[48213]: ಫೋರ್ಸ್ಡ್ ಕ್ಲೋಸ್ "/ವರದಿ02/ಜೂನ್.ಜಿಪ್" ಬೈಟ್ಸ್ ರೀಡ್ 0 ರಿಟನ್ 431226880

ಮೂರನೆಯ ಸಾಲಿನ ಆ ಫೋರ್ಸ್ಡ್ ಎಂಬ ಪದವನ್ನು ಗಮನಿಸಿ. ಕ್ಲೈಂಟ್ ತಾನಾಗಿ ಫೈಲ್ ಮುಚ್ಚಿದ್ದರೆ ಬರೀ ಕ್ಲೋಸ್ ಎಂದಿರುತ್ತದೆ. ಫೋರ್ಸ್ಡ್ ಇದ್ದರೆ ಫೈಲ್ ತೆರೆದಿರುವಾಗಲೇ ಸಂಪರ್ಕ ಹೋಯಿತು ಎಂದರ್ಥ. ಅಪ್‌ಲೋಡ್ ಆಗಿದ್ದರೆ ಡಿಸ್ಕ್‌ನಲ್ಲಿ ಅರ್ಧ ಫೈಲ್ ಉಳಿದಿದೆ. ಓಪನ್‌ಎಸ್‌ಎಸ್‌ಎಚ್ ಅದನ್ನು ಅಳಿಸುವುದಿಲ್ಲ. ಅರ್ಧ ಬಂದ ಫೈಲನ್ನು ಮುಂದಿನ ಹಂತದ ಪ್ರೋಗ್ರಾಂ ಎತ್ತಿಕೊಂಡು ಓದಿದರೆ ಆಗುವ ಅನಾಹುತ ದೊಡ್ಡದು, ಹಾಗಾಗಿ ಈ ಒಂದು ಪದಕ್ಕೆ ಎಚ್ಚರಿಕೆ ಸಂದೇಶ ಕಟ್ಟಿಕೊಳ್ಳುವುದು ಒಳ್ಳೆಯದು. ಬರೆದ ಬೈಟ್‌ಗಳ ಲೆಕ್ಕ ಈ ಸೆಷನ್‌ನದ್ದು ಮಾತ್ರ. ಹಿಂದೆ ನಿಂತಲ್ಲಿಂದ ಮುಂದುವರಿಸಿದ ಅಪ್‌ಲೋಡ್ ಆಗಿದ್ದರೆ ಅದು ಫೈಲ್ ಗಾತ್ರಕ್ಕಿಂತ ಕಡಿಮೆ ಇರುತ್ತದೆ.

ಚೌಕಾಕಾರದ ಆವರಣದಲ್ಲಿರುವ 48213 ಎಂಬುದು ಪ್ರಾಸೆಸ್ ಪಟ್ಟಿಯ ಅದೇ ಪಿಐಡಿ. ಲಾಗನ್ನೂ ಜೀವಂತ ಪ್ರಾಸೆಸ್ಸನ್ನೂ ಜೋಡಿಸಲು ಬೇರೇನೂ ಬೇಡ.

ಸ್ಕ್ರಿಪ್ಟ್ ಏನು ಓದುತ್ತದೆ

ಪೈಥಾನ್‌ನಲ್ಲಿ ನೂರೈವತ್ತು ಸಾಲಿನೊಳಗೆ ಮುಗಿಯುವ ಕೆಲಸ. ಹತ್ತು ಸೆಕೆಂಡಿಗೊಮ್ಮೆ ಒಂದು ಸುತ್ತು.

ಓಡುತ್ತಿರುವ ಪ್ರಾಸೆಸ್‌ಗಳ ವಿವರ ಇರುವ /ಪ್ರಾಕ್ ಒಳಗಿನ ಪ್ರತಿ ಪಿಐಡಿಯ ಸಿಎಂಡಿಲೈನ್ ಫೈಲ್ ಓದಿ, @ಇಂಟರ್ನಲ್-ಎಸ್‌ಎಫ್‌ಟಿಪಿ ಎಂದು ಮುಗಿಯುವವನ್ನು ಹೆಕ್ಕಬೇಕು. ಕೊನೆಯಲ್ಲಿ ಶೂನ್ಯ ಬೈಟ್‌ಗಳು ಅಂಟಿರುತ್ತವೆ, ತೆಗೆದುಹಾಕಿ. ಸ್ಟ್ಯಾಟ್ ಫೈಲ್‌ನಿಂದ ಪೇರೆಂಟ್ ಪಿಐಡಿ, ಸ್ಥಿತಿಯ ಅಕ್ಷರ, 22ನೇ ಅಂಕಣದ ಆರಂಭ ಸಮಯ ಈ ಮೂರು ಬೇಕು. ಸ್ಟ್ಯಾಟ್‌ನಲ್ಲಿ ಪ್ರಾಸೆಸ್ ಹೆಸರು ಆವರಣದೊಳಗಿದ್ದು ಅದರಲ್ಲಿ ಖಾಲಿ ಜಾಗವೂ ಇರಬಹುದು, ಆದ್ದರಿಂದ ಕೊನೆಯ ಮುಚ್ಚುವ ಆವರಣದ ನಂತರದಿಂದ ಅಂಕಣ ಎಣಿಸಿ. ಒಂದು ಸೆಷನ್‌ನ ಗುರುತು ಪಿಐಡಿ ಮತ್ತು ಆರಂಭ ಸಮಯ ಎರಡೂ ಸೇರಿ ಆಗಬೇಕು. ಬರೀ ಪಿಐಡಿ ಇಟ್ಟರೆ ಅದೇ ಸಂಖ್ಯೆ ಮತ್ತೊಬ್ಬರಿಗೆ ಸಿಕ್ಕಾಗ ಹಳೆಯ ಲೆಕ್ಕ ಹೊಸಬರ ತಲೆಗೆ ಬರುತ್ತದೆ.

ನಂತರ ಆ ಪಿಐಡಿಯ ಎಫ್‌ಡಿ ಫೋಲ್ಡರ್, ಪ್ರಾಸೆಸ್ ತೆರೆದಿಟ್ಟ ಫೈಲ್‌ಗಳ ಪಟ್ಟಿ. ಅಲ್ಲಿನ ಪ್ರತಿ ಕೊಂಡಿ ಎಲ್ಲಿಗೆ ತೋರಿಸುತ್ತದೆ ನೋಡಿ, /ಎಸ್‌ಆರ್‌ವಿ/ಎಸ್‌ಎಫ್‌ಟಿಪಿ ಕೆಳಗಿನ ಸಾಮಾನ್ಯ ಫೈಲ್‌ಗಳನ್ನು ಮಾತ್ರ ಇಟ್ಟುಕೊಳ್ಳಿ, ಪೈಪ್ ಸಾಕೆಟ್‌ಗಳನ್ನು ಬಿಡಿ. ಹೊರಗಿನಿಂದ ಓದಿದಾಗ ಪೂರ್ತಿ ದಾರಿ ಬರುತ್ತದೆ, ಲಾಗ್‌ನಲ್ಲಿ ಕ್ರೂಟ್ ಒಳಗಿನ ದಾರಿ ಇರುತ್ತದೆ. ಎರಡನ್ನೂ ಹೋಲಿಸುವ ಮೊದಲು ಪೂರ್ತಿ ದಾರಿಯ ಆರಂಭದ /ಎಸ್‌ಆರ್‌ವಿ/ಎಸ್‌ಎಫ್‌ಟಿಪಿ ಭಾಗ ಕತ್ತರಿಸಬೇಕು. ದಾರಿಯ ಕೊನೆಗೆ ಡಿಲೀಟೆಡ್ ಎಂದು ಬಂದರೆ ಅಪ್‌ಲೋಡ್ ನಡೆಯುತ್ತಿರುವಾಗಲೇ ಬೇರೆ ಯಾರೋ ಫೈಲ್ ಅಳಿಸಿದ್ದಾರೆ. ಕ್ಲೈಂಟ್‌ಗೆ ಅದು ಗೊತ್ತಾಗುವುದಿಲ್ಲ, ಯಶಸ್ವಿ ಎಂದೇ ಮುಗಿಯುತ್ತದೆ. ಇದನ್ನು ಕೆಂಪು ಬಣ್ಣದಲ್ಲಿ ತೋರಿಸುವುದು ಯೋಗ್ಯ.

ಪಕ್ಕದ ಎಫ್‌ಡಿಇನ್ಫೋ ಫೋಲ್ಡರ್‌ನಲ್ಲಿ ಈ ಕೆಲಸದ ಜೀವಾಳ ಇದೆ. ಅಲ್ಲಿನ ಪೊಸ್ ಸಾಲು ಫೈಲ್‌ನೊಳಗೆ ಪ್ರಾಸೆಸ್ ಈಗ ಎಷ್ಟನೇ ಬೈಟ್‌ನಲ್ಲಿದೆ ಎಂದು ಹೇಳುತ್ತದೆ. ಫ್ಲ್ಯಾಗ್ಸ್ ಸಾಲು ಅಷ್ಟಮಾನ ಸಂಖ್ಯೆ. ಕೊನೆಯ ಅಂಕಿ 0 ಆದರೆ ಓದಲು ತೆರೆದದ್ದು, ಅಂದರೆ ಡೌನ್‌ಲೋಡ್. 1 ಅಥವಾ 2 ಆದರೆ ಅಪ್‌ಲೋಡ್. ಎರಡು ಸುತ್ತಿನ ಪೊಸ್ ವ್ಯತ್ಯಾಸವನ್ನು ನಡುವಿನ ಸೆಕೆಂಡಿನಿಂದ ಭಾಗಿಸಿದರೆ ವೇಗ ಸಿಗುತ್ತದೆ. ಗಡಿಯಾರಕ್ಕೆ ಪೈಥಾನ್‌ನ ಮಾನೋಟಾನಿಕ್ ಬಳಸಿ. ಸಾಮಾನ್ಯ ಗಡಿಯಾರವನ್ನು ಎನ್‌ಟಿಪಿ ಹಿಂದೆ ಸರಿಸಿದರೆ ವೇಗ ಋಣಸಂಖ್ಯೆಯಾಗಿ ಬಿಡುತ್ತದೆ.

ಡೌನ್‌ಲೋಡ್‌ಗೆ ಶೇಕಡಾವಾರು ಹೇಳಬಹುದು, ಫೈಲ್ ಗಾತ್ರ ಗೊತ್ತಿದೆ. ಆದರೆ ಕ್ಲೈಂಟ್ ಮುಂಗಡವಾಗಿ ಕೇಳಿಡುತ್ತದೆ. ಓಪನ್‌ಎಸ್‌ಎಸ್‌ಎಚ್‌ನ ಎಸ್‌ಎಫ್‌ಟಿಪಿ ಕ್ಲೈಂಟ್ ಡೀಫಾಲ್ಟ್ ಆಗಿ ಒಂದೇ ಸಲಕ್ಕೆ 64 ಕೋರಿಕೆಗಳವರೆಗೆ ಬಾಕಿ ಇಡುತ್ತದೆ. ಹಾಗಾಗಿ ಸರ್ವರ್‌ನ ಪೊಸ್ ಕ್ಲೈಂಟ್ ಕೈಗೆ ಸಿಕ್ಕಿದ್ದಕ್ಕಿಂತ ಒಂದಷ್ಟು ಮುಂದಿರುತ್ತದೆ, ಸಣ್ಣ ಫೈಲ್ ತೆರೆದ ಕೂಡಲೇ ನೂರು ತೋರಿಸುತ್ತದೆ. ಅಪ್‌ಲೋಡ್‌ಗೆ ಶೇಕಡಾವಾರು ಹಾಕಬೇಡಿ. ಒಟ್ಟು ಎಷ್ಟು ಬರಲಿದೆ ಎಂಬುದು ಸರ್ವರ್‌ಗೆ ಗೊತ್ತಿರುವುದಿಲ್ಲ. ಎಷ್ಟು ಬಂತು, ಯಾವ ವೇಗ, ಇಷ್ಟೇ.

ಐಪಿಗೆ, ಸಾಕೆಟ್‌ಗಳನ್ನು ಪಟ್ಟಿ ಮಾಡುವ ಎಸ್‌ಎಸ್ ಆದೇಶವನ್ನು ಟಿ, ಎನ್, ಪಿ, ಐ ಆಯ್ಕೆಗಳೊಂದಿಗೆ ಓಡಿಸಿ, ಸೋರ್ಸ್ ಪೋರ್ಟ್ 22, ಸ್ಥಿತಿ ಎಸ್ಟಾಬ್ಲಿಶ್ಡ್ ಎಂದು ಸೋಸಬೇಕು. ಒಂದೇ ಸಾಕೆಟ್‌ಗೆ ಪ್ರಿವ್ ಮತ್ತು ನೋಟಿಟಿವೈ ಎರಡೂ ಪಿಐಡಿ ಬರುತ್ತವೆ. ನಮ್ಮ ಪೇರೆಂಟ್ ಪಿಐಡಿ ಅವುಗಳಲ್ಲಿದ್ದರೆ ಆ ಸಾಲೇ ನಮ್ಮದು. ಸೆಂಡ್-ಕ್ಯೂ (ಆಚೆ ಕಡೆ ತಲುಪಲು ಬಾಕಿ ಇರುವ ಬೈಟ್‌ಗಳು) ಮತ್ತು ಲಾಸ್ಟ್‌ಆರ್‌ಸಿವಿ ಕೂಡ ಅಲ್ಲಿಂದಲೇ ಎತ್ತಿಟ್ಟುಕೊಳ್ಳಿ. ಸರ್ವರ್ ಮುಂದೆ ಲೋಡ್ ಬ್ಯಾಲೆನ್ಸರ್ ಇದ್ದರೆ ಎಲ್ಲ ಸಾಲಿನಲ್ಲೂ ಅದರ ಐಪಿಯೇ ಬರುತ್ತದೆ, ಲಾಗ್‌ನಲ್ಲೂ ಅಷ್ಟೇ.

ಸಿಸ್ಟಂಡಿಯ ಸೆಷನ್ ಪಟ್ಟಿ ತೋರಿಸುವ ಲಾಗಿನ್‌ಸಿಟಿಎಲ್‌ಗೆ ಹೊಂದಿಸಬೇಕಿದ್ದರೆ ಆ ಪಿಐಡಿಯ ಸಿಗ್ರೂಪ್ ಫೈಲ್‌ನಲ್ಲಿ ಸೆಷನ್-12.ಸ್ಕೋಪ್ ಎಂಬಂಥ ಹೆಸರು ಇರುತ್ತದೆ. 12 ಎಂಬುದೇ ಸೆಷನ್ ಸಂಖ್ಯೆ. ಲಾಗಿನ್‌ಸಿಟಿಎಲ್ ಪಟ್ಟಿಯನ್ನೇ ನೇರವಾಗಿ ಎಣಿಸುವುದು ಅಷ್ಟು ಭರವಸೆಯದ್ದಲ್ಲ. ಸಂಪರ್ಕ ಹೋಗಿ ಕ್ಲೋಸಿಂಗ್ ಸ್ಥಿತಿಯಲ್ಲಿರುವ ಸೆಷನ್‌ಗಳೂ ಅದರಲ್ಲಿ ಉಳಿದಿರುತ್ತವೆ.

ಓದುತ್ತಿರುವಾಗಲೇ ಪ್ರಾಸೆಸ್ ಸಾಯುವುದು ಇಲ್ಲಿ ಮಾಮೂಲು. ಫೈಲ್ ಸಿಗಲಿಲ್ಲ, ಪ್ರಾಸೆಸ್ ಇಲ್ಲ ಎಂಬ ಎರಡೂ ದೋಷಗಳನ್ನು ಹಿಡಿದು ಆ ಪಿಐಡಿಯನ್ನು ಬಿಟ್ಟು ಮುಂದೆ ಹೋಗಬೇಕು. ಎಸ್‌ಎಫ್‌ಟಿಪಿ ಪ್ರಾಸೆಸ್ ತನ್ನ ಮೇಲೆ ಟ್ರೇಸ್ ಮಾಡದಂತೆ ತಡೆ ಹಾಕಿಕೊಂಡಿರುವುದರಿಂದ ಅದರ ಎಫ್‌ಡಿ ಫೋಲ್ಡರನ್ನು ಅದೇ ಬಳಕೆದಾರನ ಖಾತೆಯಿಂದಲೂ ಓದಲಾಗುವುದಿಲ್ಲ. ರೂಟ್ ಬೇಕೇ ಬೇಕು.

ಒಂದು ಸಾಲು ಹೀಗೆ ಬರುತ್ತದೆ:

48213 | ವರದಿ02 | 203.0.113.24 | 14 ನಿಮಿಷ | ಅಪ್‌ಲೋಡ್ | ಜೂನ್.ಜಿಪ್ | 411 ಎಂಬಿ | ಸೆಕೆಂಡಿಗೆ 0 | ನಿಂತಿದೆ, 50 ಸೆಕೆಂಡ್

ವಿನ್‌ಎಸ್‌ಸಿಪಿ ಬಳಸುವವರ ಸಾಲಿನಲ್ಲಿ ಫೈಲ್ ಹೆಸರಿನ ಕೊನೆಗೆ .ಫೈಲ್‌ಪಾರ್ಟ್ ಎಂದಿದ್ದರೆ ಗಾಬರಿ ಬೇಡ. 100 ಕೆಬಿಗಿಂತ ದೊಡ್ಡ ಫೈಲನ್ನು ಅದು ತಾತ್ಕಾಲಿಕ ಹೆಸರಿನಲ್ಲಿ ಕಳಿಸಿ, ಮುಗಿದ ಮೇಲೆ ಹೆಸರು ಬದಲಿಸುತ್ತದೆ. ಅರ್ಧ ಫೈಲ್ ಸಮಸ್ಯೆಗೆ ಇದು ಒಳ್ಳೆಯ ಪರಿಹಾರ ಕೂಡ.

ಖಾಲಿ ಕೂತದ್ದು, ನಿಂತದ್ದು, ಸತ್ತದ್ದು

ಫೈಲ್ ಯಾವುದೂ ತೆರೆದಿಲ್ಲ ಅಂದರೆ ಸೆಷನ್ ಖಾಲಿ ಕೂತಿದೆ. ಫೈಲ್ ತೆರೆದು ಪೊಸ್ ಬದಲಾಗುತ್ತಿದ್ದರೆ ಸಾಗುತ್ತಿದೆ. ಇವೆರಡರಲ್ಲಿ ಗೊಂದಲವಿಲ್ಲ. ಫೈಲ್ ತೆರೆದಿದೆ, ಪೊಸ್ ಅಲುಗಾಡುತ್ತಿಲ್ಲ ಎಂದಾಗ ಕೆಲಸ ಶುರು.

ಮೊದಲು ಆಚೆ ಕಡೆ ಜೀವ ಇದೆಯೇ ನೋಡಬೇಕು. ಲಾಸ್ಟ್‌ಆರ್‌ಸಿವಿ ಎಂದರೆ ಕ್ಲೈಂಟ್‌ನಿಂದ ಕೊನೆಯ ದತ್ತಾಂಶ ಬಂದು ಎಷ್ಟು ಮಿಲಿಸೆಕೆಂಡ್ ಆಯಿತು ಎಂಬುದು. ಕ್ಲೈಂಟ್‌ಅಲೈವ್‌ಇಂಟರ್ವಲ್ 60 ಇಟ್ಟಿರುವುದರಿಂದ, 60 ಸೆಕೆಂಡ್ ಸುಮ್ಮನಿದ್ದ ಕ್ಲೈಂಟ್‌ಗೆ ಸರ್ವರ್ ಒಂದು ಪ್ರಶ್ನೆ ಕಳಿಸುತ್ತದೆ, ಬದುಕಿದ್ದರೆ ಉತ್ತರ ಬರುತ್ತದೆ, ಲಾಸ್ಟ್‌ಆರ್‌ಸಿವಿ ಮತ್ತೆ ಸೊನ್ನೆಯಾಗುತ್ತದೆ. ಅಂದರೆ ಜೀವಂತ ಕ್ಲೈಂಟ್‌ನಲ್ಲಿ ಈ ಸಂಖ್ಯೆ 60,000 ದಾಟಿ ಹೆಚ್ಚು ಹೋಗುವಂತಿಲ್ಲ. 90,000 ದಾಟಿದ್ದು ಕಂಡರೆ ಆಚೆ ಕಡೆ ಉತ್ತರಿಸುವವರಿಲ್ಲ. ಇದೇ ಕಾರಣಕ್ಕೆ ಲಾಸ್ಟ್‌ಆರ್‌ಸಿವಿಯನ್ನು ಬಳಕೆದಾರ ಎಷ್ಟು ಹೊತ್ತಿನಿಂದ ಸುಮ್ಮನಿದ್ದಾನೆ ಎಂದು ಅಳೆಯಲು ಬಳಸಬಾರದು. ಅದಕ್ಕೆ ಆ ಪಿಐಡಿಯ ಕೊನೆಯ ಲಾಗ್ ಸಾಲಿನ ಸಮಯ ಮತ್ತು ಪೊಸ್ ಕೊನೆಗೆ ಬದಲಾದ ಸಮಯ, ಎರಡರಲ್ಲಿ ಇತ್ತೀಚಿನದನ್ನು ತೆಗೆದುಕೊಳ್ಳಿ.

ಮೂರು ಪ್ರಶ್ನೆಗೂ ಉತ್ತರ ಬಾರದಿದ್ದರೆ ಸುಮಾರು 180 ಸೆಕೆಂಡಿಗೆ ಎಸ್‌ಎಸ್‌ಎಚ್‌ಡಿ ತಾನೇ ಕಡಿದುಹಾಕುತ್ತದೆ. ಕ್ಲೈಂಟ್‌ಅಲೈವ್‌ನ ಎರಡು ಸಾಲು ಇಲ್ಲದಿದ್ದರೆ ಆಗುವುದು ಬೇರೆ. ಕ್ಲೈಂಟ್‌ಅಲೈವ್‌ಇಂಟರ್ವಲ್‌ನ ಡೀಫಾಲ್ಟ್ ಸೊನ್ನೆ, ಅಂದರೆ ಪ್ರಶ್ನೆಯೇ ಇಲ್ಲ. ಆಗ ಉಳಿಯುವುದು ಕರ್ನಲ್‌ನ ಟಿಸಿಪಿ ಕೀಪ್‌ಅಲೈವ್: 7200 ಸೆಕೆಂಡ್ ಕಾದು, ಆಮೇಲೆ 75 ಸೆಕೆಂಡಿಗೊಂದರಂತೆ 9 ಪ್ರಯತ್ನ. ಕರೆಂಟ್ ಹೋಗಿ ನಿಂತ ಕಂಪ್ಯೂಟರ್‌ನ ಸೆಷನ್ ಎರಡು ಗಂಟೆ ಹನ್ನೊಂದು ನಿಮಿಷ ಸರ್ವರ್‌ನಲ್ಲಿ ಜೀವಂತವಾಗಿ ಕಾಣುತ್ತದೆ. ಅರ್ಧ ಫೈಲ್ ಅಷ್ಟು ಹೊತ್ತೂ ತೆರೆದೇ ಇರುತ್ತದೆ. ಸರ್ವರ್ ಕಳಿಸುತ್ತಿದ್ದಾಗ ಹೋದರೆ ಮರುಕಳಿಸುವ ಪ್ರಯತ್ನ ಮುಗಿಯಲು ಡೀಫಾಲ್ಟ್ 15 ಮರುಪ್ರಯತ್ನಕ್ಕೆ ಹದಿನೈದು ನಿಮಿಷ ಮೀರುತ್ತದೆ.

ಆಚೆ ಕಡೆ ಜೀವವಿದೆ, ಆದರೂ ಪೊಸ್ ನಿಂತಿದೆ ಎಂದಾದರೆ ತಡೆ ಎಲ್ಲಿದೆ? ಡೌನ್‌ಲೋಡ್‌ನಲ್ಲಿ ಸೆಂಡ್-ಕ್ಯೂ ನೋಡಿ. ಅದು ತುಂಬಿ ಕೂತಿದ್ದರೆ ಸರ್ವರ್ ಕೊಟ್ಟಿದ್ದನ್ನು ನೆಟ್‌ವರ್ಕ್ ಒಯ್ಯುತ್ತಿಲ್ಲ. ಸೊನ್ನೆ ಇದ್ದರೆ ಕ್ಲೈಂಟ್ ಮುಂದಿನ ತುಂಡನ್ನು ಕೇಳುವುದನ್ನೇ ನಿಲ್ಲಿಸಿದೆ: ವರ್ಗಾವಣೆಯನ್ನು ತಾತ್ಕಾಲಿಕವಾಗಿ ತಡೆದಿದ್ದಾರೆ (ಪಾಸ್), ಇಲ್ಲವೇ ಅವರ ಡಿಸ್ಕ್ ತುಂಬಿದೆ. ಸೆಂಡ್-ಕ್ಯೂ ಸೊನ್ನೆ ಇದ್ದರೆ ಸರ್ವರ್‌ನ ತಪ್ಪಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಅಪ್‌ಲೋಡ್‌ನಲ್ಲಿ ಸರ್ವರ್‌ನ ಡಿಸ್ಕ್ ನಿಧಾನವಾಗಿದ್ದರೆ ರಿಸೀವ್-ಕ್ಯೂ (ಬಂದರೂ ಇನ್ನೂ ಓದದ ಬೈಟ್‌ಗಳು) ತುಂಬಬೇಕು ಎಂದು ಅನಿಸುವುದು ಸಹಜ. ಹಳೆಯ ಎಫ್‌ಟಿಪಿಯಲ್ಲಿ ಹಾಗೇ ಆಗುತ್ತದೆ. ಎಸ್‌ಎಫ್‌ಟಿಪಿಯಲ್ಲಿ ಆಗುವುದಿಲ್ಲ. ಎಸ್‌ಎಸ್‌ಎಚ್ ತನ್ನದೇ ಒಂದು ವಿಂಡೋ ಇಟ್ಟುಕೊಂಡಿದೆ, ಓಪನ್‌ಎಸ್‌ಎಸ್‌ಎಚ್‌ನಲ್ಲಿ ಒಂದು ಸೆಷನ್ ಚಾನೆಲ್‌ಗೆ 2 ಎಂಬಿ. ಎಸ್‌ಎಸ್‌ಎಚ್‌ಡಿ ಸಾಕೆಟ್‌ನಿಂದ ಓದುತ್ತಲೇ ಇರುತ್ತದೆ, ಡಿಸ್ಕ್ ಕಡೆ ಹೋಗದ್ದು ಮೆಮೊರಿಯಲ್ಲಿ ನಿಲ್ಲುತ್ತದೆ, ವಿಂಡೋ ತುಂಬಿದ ಮೇಲೆ ಕ್ಲೈಂಟ್ ತಾನೇ ಕಳಿಸುವುದನ್ನು ನಿಲ್ಲಿಸುತ್ತದೆ. ರಿಸೀವ್-ಕ್ಯೂ ಸೊನ್ನೆಯಾಗಿಯೇ ಇರುತ್ತದೆ. ಅದನ್ನು ನೋಡಿ ನೆಟ್‌ವರ್ಕ್ ಸಮಸ್ಯೆ ಎಂದು ತೀರ್ಮಾನಿಸಿದರೆ ದಾರಿ ತಪ್ಪುತ್ತದೆ. ನೋಡಬೇಕಾದದ್ದು ಎಸ್‌ಎಫ್‌ಟಿಪಿ ಪ್ರಾಸೆಸ್‌ನ ಸ್ಥಿತಿಯ ಅಕ್ಷರ. ಸುತ್ತು ಸುತ್ತಿಗೂ ಡಿ ಎಂದೇ ಬಂದರೆ ಅದು ಡಿಸ್ಕ್‌ಗಾಗಿ ಕಾಯುತ್ತಿದೆ. ಎಸ್ ಎಂದಿದ್ದರೆ ಕ್ಲೈಂಟ್‌ನಿಂದ ಏನೂ ಬರುತ್ತಿಲ್ಲ. ಈ ಒಂದು ಅಕ್ಷರವನ್ನು ಕೊನೆಯ ಅಂಕಣದಲ್ಲಿ ತೋರಿಸಿದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಡಿಸ್ಕ್ ಪೂರ್ತಿ ತುಂಬಿದಾಗ ಸೆಷನ್ ನಿಲ್ಲುವುದಿಲ್ಲ, ದೋಷ ಬರುತ್ತದೆ. ಲಾಗ್‌ನಲ್ಲಿ ಸೆಂಟ್ ಸ್ಟೇಟಸ್ ಫೇಲ್ಯೂರ್ ಎಂದಷ್ಟೇ ಇರುತ್ತದೆ. ಜಾಗ ಇಲ್ಲದಿರುವುದು, ಕೋಟಾ ಮುಗಿದಿರುವುದು ಎರಡಕ್ಕೂ ಅದೇ ಪದ. ಅನುಮತಿ ಇಲ್ಲದ್ದಕ್ಕೆ ಮತ್ತು ಫೈಲ್ ಇಲ್ಲದ್ದಕ್ಕೆ ಬೇರೆ ಪದಗಳಿವೆ. ಫೇಲ್ಯೂರ್ ಕಂಡ ತಕ್ಷಣ ಡಿಸ್ಕ್ ಜಾಗ ತೋರಿಸುವ ಡಿಎಫ್ ಓಡಿಸಿ, ಅದರ ಐ ಆಯ್ಕೆಯಲ್ಲಿ ಐನೋಡ್ (ಪ್ರತಿ ಫೈಲ್‌ಗೂ ಬೇಕಾಗುವ ದಾಖಲೆ ಸ್ಥಾನ) ಲೆಕ್ಕವನ್ನೂ ನೋಡಿ, ಆಮೇಲೆ ಕೋಟಾ.

ಓಡಿಸುವುದು, ಪರೀಕ್ಷಿಸುವುದು

ಸಿಸ್ಟಂಡಿ ಟೈಮರ್ ಬದಲು ನಿರಂತರ ಓಡುವ ಸರ್ವಿಸ್ ಮಾಡಿ, ರೀಸ್ಟಾರ್ಟ್ ಆಲ್ವೇಸ್ ಎಂದು ಕೊಡಿ. ಹಿಂದಿನ ಸುತ್ತಿನ ಪೊಸ್ ನೆನಪಿನಲ್ಲಿರಬೇಕಲ್ಲವೇ. ಟೈಮರೇ ಬೇಕೆಂದರೆ ಅಕ್ಯುರಸಿಸೆಕ್ (ಎಷ್ಟು ತಡವಾದರೂ ಸರಿ ಎಂಬ ಮಿತಿ) ಅನ್ನು 1 ಸೆಕೆಂಡ್ ಮಾಡುವುದನ್ನು ಮರೆಯಬೇಡಿ. ಅದರ ಡೀಫಾಲ್ಟ್ ಒಂದು ನಿಮಿಷ, ಹತ್ತು ಸೆಕೆಂಡಿನ ಟೈಮರ್ ಹೊತ್ತು ತಪ್ಪಿ ಓಡುತ್ತದೆ. ಫಲಿತಾಂಶವನ್ನು /ರನ್ ಒಳಗೆ ತಾತ್ಕಾಲಿಕ ಹೆಸರಿನಲ್ಲಿ ಬರೆದು ನಂತರ ಹೆಸರು ಬದಲಿಸಿ, ಓದುವವರಿಗೆ ಅರ್ಧ ಪಟ್ಟಿ ಸಿಗುವುದಿಲ್ಲ. ಮೋಡ್ 0640. ಯಾರು ಯಾವ ಫೈಲ್ ಒಯ್ಯುತ್ತಿದ್ದಾರೆ ಎಂಬುದು ಎಲ್ಲರೂ ನೋಡುವ ವಿಷಯವಲ್ಲ.

ಪರೀಕ್ಷೆಗೆ ಎಸ್‌ಎಫ್‌ಟಿಪಿ ಕ್ಲೈಂಟನ್ನು -ಎಲ್ 800 ಎಂದು ಕೊಟ್ಟು ದೊಡ್ಡ ಫೈಲ್ ಕಳಿಸಿ. ಅದು ಸೆಕೆಂಡಿಗೆ 800 ಕಿಲೋಬಿಟ್, ಅಂದರೆ ಸುಮಾರು 100 ಕಿಲೋಬೈಟ್. ಹತ್ತು ಸೆಕೆಂಡಿನಲ್ಲಿ ಪೊಸ್ ಸುಮಾರು 1 ಎಂಬಿ ಏರಬೇಕು. ಏರದಿದ್ದರೆ ಸ್ಕ್ರಿಪ್ಟ್‌ನ ಭಾಗಾಕಾರ ನೋಡಿ. ಮುಂದೆ, ನಡುವೆ ಕ್ಲೈಂಟ್‌ನ ಎಸ್‌ಎಸ್‌ಎಚ್ ಪ್ರಾಸೆಸ್‌ಗೆ ಸ್ಟಾಪ್ ಸಿಗ್ನಲ್ ಕಳಿಸಿ. ಕರ್ನಲ್ ಇನ್ನೂ ಟಿಸಿಪಿ ಉತ್ತರ ಕೊಡುತ್ತಿದ್ದರೂ ಎಸ್‌ಎಸ್‌ಎಚ್ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಲಾಸ್ಟ್‌ಆರ್‌ಸಿವಿ 90,000 ದಾಟಿ, ಮೂರು ನಿಮಿಷದ ಸುಮಾರಿಗೆ ಲಾಗ್‌ನಲ್ಲಿ ಫೋರ್ಸ್ಡ್ ಕ್ಲೋಸ್ ಬಿದ್ದು, ಸಾಲು ಮಾಯವಾಗಬೇಕು. ಕೊನೆಗೆ ಕಂಟ್ರೋಲ್‌ಮಾಸ್ಟರ್‌ನಲ್ಲಿ ಎರಡು ಎಸ್‌ಎಫ್‌ಟಿಪಿ ತೆರೆಯಿರಿ. ಎರಡು ಸಾಲು, ಒಂದೇ ಐಪಿ, ಒಂದೇ ಕ್ಲೈಂಟ್ ಪೋರ್ಟ್ ಬರಬೇಕು.

ಸೆಷನ್ ಕಡಿಯಬೇಕಾದಾಗ

ಸಿಗ್ನಲ್ ಕಳಿಸಬೇಕಾದದ್ದು ನೋಟಿಟಿವೈ ಪ್ರಾಸೆಸ್‌ಗೆ. ಅದು ಹೋದಾಗ ಎಸ್‌ಎಫ್‌ಟಿಪಿ ಪ್ರಾಸೆಸ್‌ಗೆ ಪೈಪ್ ಮುಗಿದದ್ದು ಗೊತ್ತಾಗಿ, ತೆರೆದಿದ್ದ ಫೈಲ್‌ಗಳಿಗೆ ಫೋರ್ಸ್ಡ್ ಕ್ಲೋಸ್ ಬರೆದು, ಸೆಷನ್ ಕ್ಲೋಸ್ಡ್ ಎಂದು ದಾಖಲಿಸಿ ಹೊರಡುತ್ತದೆ. ಯಾವ ಫೈಲ್ ಅರ್ಧಕ್ಕೆ ನಿಂತಿತು ಎಂಬ ಲೆಕ್ಕ ಉಳಿಯುತ್ತದೆ. ಬಳಕೆದಾರನ ಹೆಸರಿನ ಮೇಲೆ ಪಿಕಿಲ್ (ಹೊಂದುವ ಎಲ್ಲ ಪ್ರಾಸೆಸ್ ನಿಲ್ಲಿಸುವ ಆದೇಶ) ಓಡಿಸಿದರೆ ಅವರ ಎಲ್ಲ ಸೆಷನ್‌ಗಳೂ, ಚೆನ್ನಾಗಿ ಸಾಗುತ್ತಿದ್ದವೂ ಸೇರಿ, ಹೋಗುತ್ತವೆ. ಮಲ್ಟಿಪ್ಲೆಕ್ಸ್ ಆಗಿದ್ದರೆ ಒಂದು ನೋಟಿಟಿವೈ ಕಡಿದರೂ ಅದರಡಿಯ ಎಲ್ಲವೂ ಹೋಗುತ್ತವೆ ಎಂಬುದು ಲಕ್ಷ್ಯದಲ್ಲಿರಲಿ. ಕಡಿಯುವ ಮುನ್ನ ಪಿಐಡಿಯ ಆರಂಭ ಸಮಯ ಪಟ್ಟಿಯಲ್ಲಿದ್ದುದೇ ಹೌದೇ ಎಂದು ಇನ್ನೊಮ್ಮೆ ಹೋಲಿಸಿ.

ಖಾಲಿ ಕೂತ ಸೆಷನ್‌ಗಳನ್ನು ಕೈಯಾರೆ ಕಡಿಯುತ್ತಾ ಕೂರಬೇಕಿಲ್ಲ. 2023ರ ಫೆಬ್ರವರಿಯ 9.2 ಆವೃತ್ತಿಯಿಂದ ಚಾನೆಲ್‌ಟೈಮ್‌ಔಟ್ ಇದೆ: ಸೆಷನ್=30ಎಂ ಎಂದರೆ ಅರ್ಧ ಗಂಟೆ ಸುಮ್ಮನಿದ್ದ ಚಾನೆಲ್ ಮುಚ್ಚುತ್ತದೆ. ಚಾನೆಲ್ ಮುಚ್ಚಿದರೂ ಟಿಸಿಪಿ ಸಂಪರ್ಕ ಉಳಿಯಬಹುದು, ಅದಕ್ಕೆ ಜೊತೆಯಲ್ಲಿ ಅನ್‌ಯೂಸ್ಡ್‌ಕನೆಕ್ಷನ್‌ಟೈಮ್‌ಔಟ್ ಕೂಡ ಹಾಕಿ. ಕ್ಲೈಂಟ್‌ಅಲೈವ್ ಈ ಕೆಲಸ ಮಾಡುವುದಿಲ್ಲ. ಅದು ಸತ್ತವರನ್ನು ತೆಗೆಯುತ್ತದೆ, ಸುಮ್ಮನಿರುವವರನ್ನಲ್ಲ.

ಎಫ್‌ಟಿಪಿ ಸರ್ವರ್ ಆಗಿದ್ದರೆ

ಪ್ರೊಎಫ್‌ಟಿಪಿಡಿ ಇದ್ದರೆ ಇಷ್ಟೆಲ್ಲ ಬೇಡ. ಅದು ಸ್ಕೋರ್‌ಬೋರ್ಡ್ ಫೈಲ್ ಇಟ್ಟುಕೊಂಡಿದ್ದು ಎಫ್‌ಟಿಪಿಹೂ, ಎಫ್‌ಟಿಪಿಟಾಪ್, ಎಫ್‌ಟಿಪಿಕೌಂಟ್ ಆದೇಶಗಳು ಅದನ್ನೇ ಓದಿ ಹೇಳುತ್ತವೆ. ಪ್ಯೂರ್-ಎಫ್‌ಟಿಪಿಡಿಗೆ ಪ್ಯೂರ್-ಎಫ್‌ಟಿಪಿಹೂ ಇದೆ. ವಿಎಸ್‌ಎಫ್‌ಟಿಪಿಡಿಯಲ್ಲಿ ಅಂಥ ಆದೇಶವಿಲ್ಲ. ಸಂರಚನೆಯಲ್ಲಿ ಸೆಟ್‌ಪ್ರಾಕ್‌ಟೈಟಲ್_ಎನೇಬಲ್ ಯೆಸ್ ಎಂದು ಕೊಟ್ಟರೆ ಪ್ರಾಸೆಸ್ ಪಟ್ಟಿಯ ಹೆಸರಿನಲ್ಲೇ ಐಪಿ, ಖಾತೆ, ಐಡಲ್ ಅಥವಾ ನಡೆಯುತ್ತಿರುವ ಆದೇಶ ಕಾಣುತ್ತದೆ. ಮೂರರಲ್ಲೂ ಸಾಕೆಟ್ ಎಣಿಸಿ ಲೆಕ್ಕ ಹಾಕಬೇಡಿ. ಎಫ್‌ಟಿಪಿಯಲ್ಲಿ 21ನೇ ಪೋರ್ಟ್‌ನ ಕಂಟ್ರೋಲ್ ಸಂಪರ್ಕವೇ ಸೆಷನ್. ಪ್ರತಿ ವರ್ಗಾವಣೆಗೂ ಪ್ರತಿ ಫೋಲ್ಡರ್ ಪಟ್ಟಿಗೂ ಬೇರೆ ಡೇಟಾ ಸಂಪರ್ಕ ಹುಟ್ಟಿ ಸಾಯುತ್ತದೆ. ದೊಡ್ಡ ಫೈಲ್ ಸಾಗುತ್ತಿರುವಷ್ಟು ಹೊತ್ತೂ ಕಂಟ್ರೋಲ್ ಸಂಪರ್ಕ ಸುಮ್ಮನಿರುವುದರಿಂದ ನಡುವಿನ ಫೈರ್‌ವಾಲ್ ಅದನ್ನು ಮರೆತುಬಿಡಬಹುದು. ಆಗ ಫೈಲ್ ಪೂರ್ತಿ ಬಂದಿದ್ದರೂ ಮುಗಿಯಿತು ಎಂಬ 226 ಉತ್ತರ ಕ್ಲೈಂಟ್‌ಗೆ ತಲುಪುವುದಿಲ್ಲ, ಕ್ಲೈಂಟ್ ವಿಫಲ ಎಂದು ಮತ್ತೆ ಮೊದಲಿನಿಂದ ಕಳಿಸುತ್ತದೆ. ಒಂದೇ ಫೈಲ್ ಮತ್ತೆ ಮತ್ತೆ ಪೂರ್ತಿ ಗಾತ್ರದಲ್ಲಿ ಬರುತ್ತಿದ್ದರೆ ಡಿಸ್ಕ್ ಬಿಟ್ಟು ಫೈರ್‌ವಾಲ್‌ನ ಐಡಲ್ ಸಮಯವನ್ನು ಮೊದಲು ನೋಡಿ.